ಹಳೆಯ ಲೆಕ್ಕಪತ್ರಗಳ ಸಂರಕ್ಷಣೆ: ಲಿನಕ್ಸ್ ಗಣಕಯಂತ್ರದಲ್ಲಿ ವರ್ಚುವಲ್ ಮಶೀನ್ ಸ್ಥಾಪನೆ

ಕೆಂಪು ಬಟ್ಟೆಯ ಹೊದಿಕೆಯ ಕಿರ್ದಿ, ಖತಾವಣಿಗಳ ಕಾಲದಲ್ಲಿ ಹಳೆಯ ಲೆಕ್ಕವನ್ನು ಓದಲು ಅಕ್ಷರಜ್ಞಾನವೊಂದಿದ್ದರೆ ಸಾಕಾಗಿತ್ತು. ಮೂವತ್ತು ವರ್ಷಗಳ ಹಿಂದಿನ ಪುಸ್ತಕವನ್ನೂ ಅಟ್ಟದಿಂದ ಇಳಿಸಿ, ಧೂಳು ಕೊಡವಿ, ಬೇಕಾದ ಪುಟವನ್ನು ತೆರೆದು ತೋರಿಸಬಹುದಾಗಿತ್ತು. ಗಣಕಯಂತ್ರದ ಲೆಕ್ಕಕ್ಕೆ ಈ ಸೌಕರ್ಯವಿಲ್ಲ. ಕಡತ ಸುರಕ್ಷಿತವಾಗಿದ್ದರೂ ಅದನ್ನು ತೆರೆಯುವ ತಂತ್ರಾಂಶ ಬೇಕು. ಆ ತಂತ್ರಾಂಶ ನಡೆಯುವ ವಿಂಡೋಸ್ ಆವೃತ್ತಿ ಬೇಕು. ಆ ವಿಂಡೋಸ್ ನಡೆಯುವ ಯಂತ್ರವೂ ಬೇಕು. ಈ ಮೂರರಲ್ಲಿ ಯಾವುದೊಂದು ಇಲ್ಲವಾದರೂ ಲೆಕ್ಕ ಇದ್ದೂ ಇಲ್ಲದಂತಾಗುತ್ತದೆ.

ವರ್ತಕ ಬಂಧುಗಳಲ್ಲಿ ಅನೇಕರು ಹೊಸ ಗಣಕಯಂತ್ರ ಕೊಂಡಾಗ ಹಳೆಯದನ್ನು ಗುಜರಿಗೆ ಹಾಕುತ್ತಾರೆ, ಇಲ್ಲವೇ ಉಗ್ರಾಣದ ಮೂಲೆಗೆ ಸೇರಿಸುತ್ತಾರೆ. ದತ್ತಾಂಶವನ್ನು ಪೆನ್‌ಡ್ರೈವ್‌ನಲ್ಲಿ ನಕಲು ಮಾಡಿಕೊಂಡಿದ್ದೇವೆ ಎಂಬ ಸಮಾಧಾನ ಅವರಿಗಿರುತ್ತದೆ. ಆದರೆ ಹಳೆಯ ಲೆಕ್ಕವನ್ನು ಉಳಿಸಿಕೊಳ್ಳಬೇಕಾದರೆ ಅದನ್ನು ಓದಬಲ್ಲ ಯಂತ್ರವನ್ನೂ ಉಳಿಸಿಕೊಳ್ಳಬೇಕಾಗುತ್ತದೆ. ಇಡೀ ಹಳೆಯ ಯಂತ್ರವನ್ನು ಒಂದು ಕಡತವನ್ನಾಗಿ ಪರಿವರ್ತಿಸಿ, ಖರ್ಚಿಲ್ಲದ ಲಿನಕ್ಸ್ ವ್ಯವಸ್ಥೆಯ ಮೇಲೆ ಬೇಕಾದಾಗ ನಡೆಸುವ ವಿಧಾನವನ್ನು ಪರಿಚಯಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಾನೂನು ಏನನ್ನು ಅಪೇಕ್ಷಿಸುತ್ತದೆ?

ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆ, 2017ರ 36ನೇ ಕಲಮಿನ ಪ್ರಕಾರ ನೋಂದಾಯಿತ ವರ್ತಕನು ತನ್ನ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ವಿವರಣ ಪತ್ರ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳು ಕಾಯ್ದಿರಿಸಬೇಕು. ಮೇಲ್ಮನವಿ, ಪರಿಷ್ಕರಣೆ ಅಥವಾ ತನಿಖೆ ನಡೆಯುತ್ತಿದ್ದರೆ, ಅದು ಅಂತಿಮವಾಗಿ ಇತ್ಯರ್ಥವಾದ ನಂತರ ಒಂದು ವರ್ಷ ಅಥವಾ ಮೇಲೆ ಹೇಳಿದ ಅವಧಿ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಇಡಬೇಕು.

ಇದನ್ನು ಲೆಕ್ಕ ಹಾಕಿ ನೋಡೋಣ. 2017-18ನೇ ಸಾಲಿನ ವಾರ್ಷಿಕ ವಿವರಣ ಪತ್ರದ ಗಡುವು ಹಲವು ಬಾರಿ ವಿಸ್ತರಣೆಯಾಗಿ 2020ರ ಫೆಬ್ರವರಿ ಮೊದಲ ವಾರಕ್ಕೆ ಬಂದು ನಿಂತಿತು. ಅಂದರೆ 2017ರ ಜುಲೈ ತಿಂಗಳಿನ ಒಂದು ಬಿಲ್ಲನ್ನು 2026ರ ಫೆಬ್ರವರಿಯವರೆಗೆ, ಸುಮಾರು ಎಂಟೂವರೆ ವರ್ಷ ಕಾಯ್ದಿಡಬೇಕಾಯಿತು. 2018-19ನೇ ಸಾಲಿನ ಗಡುವು 2020ರ ಡಿಸೆಂಬರ್ 31 ಆಗಿದ್ದುದರಿಂದ ಆ ವರ್ಷದ ಲೆಕ್ಕಗಳಿಗೆ 2026ರ ಡಿಸೆಂಬರ್‌ವರೆಗೆ ಈ ಹೊಣೆ ಇದೆ. ವ್ಯಾಜ್ಯವಿದ್ದರೆ ಇನ್ನೂ ಹೆಚ್ಚು. ಅಂಗಡಿಯ ಒಂದು ಸಾಮಾನ್ಯ ಗಣಕಯಂತ್ರ ಇಷ್ಟು ವರ್ಷ ಬಾಳುವುದು ಅಪರೂಪ.

ಅವಧಿಗಿಂತಲೂ ಮುಖ್ಯವಾದುದು ಸದರಿ ಕಾಯಿದೆಯ ಅಡಿಯ ನಿಯಮಾವಳಿಯಲ್ಲಿರುವ 57ನೇ ನಿಯಮ. ವಿದ್ಯುನ್ಮಾನ ದಾಖಲೆಗಳು ಅಪಘಾತದಿಂದಲೋ ನೈಸರ್ಗಿಕ ಕಾರಣದಿಂದಲೋ ನಾಶವಾದರೆ ಯುಕ್ತ ಕಾಲಾವಧಿಯಲ್ಲಿ ಮತ್ತೆ ಪಡೆಯುವಂತೆ ಬ್ಯಾಕಪ್ ಇರಬೇಕು. ಅಧಿಕಾರಿಗಳು ಕೇಳಿದಾಗ ಕಾಗದದಲ್ಲಾಗಲಿ, ಓದಲು ಬರುವ ವಿದ್ಯುನ್ಮಾನ ರೂಪದಲ್ಲಾಗಲಿ ಹಾಜರುಪಡಿಸಬೇಕು. ಕಡತಗಳ ವಿವರ, ಅವುಗಳ ಗುಪ್ತಪದ ಮತ್ತು ಬಳಸಿದ ಸಂಕೇತಗಳ ವಿವರಣೆಯನ್ನೂ ಒದಗಿಸಬೇಕು ಎಂದು ಅದು ಹೇಳುತ್ತದೆ. ಪೆನ್‌ಡ್ರೈವ್‌ನಲ್ಲಿ ಕಡತವಿದೆ, ಆದರೆ ತೆರೆಯಲು ಬರುತ್ತಿಲ್ಲ ಎಂಬ ಉತ್ತರಕ್ಕೆ ಈ ನಿಯಮದಲ್ಲಿ ಜಾಗವಿಲ್ಲ.

ಕಂಪನಿಗಳಿಗೆ ಕಟ್ಟುಪಾಡು ಇನ್ನೂ ಬಿಗಿ. ಕಂಪನಿಗಳ ಕಾಯಿದೆ, 2013ರ 128ನೇ ಕಲಮಿನ ಪ್ರಕಾರ ಎಂಟು ಹಣಕಾಸು ವರ್ಷಗಳ ಪುಸ್ತಕಗಳಿರಬೇಕು. 2022ರ ಆಗಸ್ಟ್‌ನ ತಿದ್ದುಪಡಿಯ ನಂತರ ವಿದ್ಯುನ್ಮಾನ ಲೆಕ್ಕಗಳ ಬ್ಯಾಕಪ್ಪನ್ನು ಭಾರತದಲ್ಲಿರುವ ಸರ್ವರ್‌ನಲ್ಲಿ ಪ್ರತಿದಿನ ಇಡಬೇಕು.

ಒಂದು ನಿದರ್ಶನ

ಆಳಂದ ತಾಲೂಕಿನ ಹಿರೋಳ್ಳಿ ಮಹಾರಾಷ್ಟ್ರದ ಗಡಿಗೆ ಹೊಂದಿದ ಊರು. ಇಂತಹ ಊರುಗಳ ವ್ಯಾಪಾರಕ್ಕೆ ಅಕ್ಕಲಕೋಟ, ಸೊಲ್ಲಾಪುರಗಳು ಕಲಬುರಗಿಯಷ್ಟೇ ಹತ್ತಿರ. ಅಲ್ಲಿ ಗೊಬ್ಬರ, ಪೈಪು ಹಾಗೂ ಕೃಷಿ ಸಲಕರಣೆಗಳನ್ನು ಮಾರುವ ಒಂದು ಪಾಲುದಾರಿಕೆ ಸಂಸ್ಥೆಯನ್ನು ಊಹಿಸಿಕೊಳ್ಳೋಣ. ಇಲ್ಲಿನ ಅಂಕಿಗಳು ವಿವರಣೆಗಾಗಿ ಮಾತ್ರ.

ಈ ಸಂಸ್ಥೆ 2012ರಲ್ಲಿ 32-ಬಿಟ್ ವಿಂಡೋಸ್ 7 ಇದ್ದ ಗಣಕಯಂತ್ರವನ್ನು ಕೊಂಡಿತು. ಫಾಕ್ಸ್‌ಪ್ರೊ ಬಲ್ಲ ಸ್ಥಳೀಯ ತರುಣನೊಬ್ಬ ಬರೆದುಕೊಟ್ಟ ಡಾಸ್ ತಂತ್ರಾಂಶದಲ್ಲಿ ಲೆಕ್ಕ ಇಡುತ್ತ ಬಂದಿತು. 2021ರಲ್ಲಿ 64-ಬಿಟ್ ವಿಂಡೋಸ್‌ನ ಹೊಸ ಯಂತ್ರ ಬಂತು. 64-ಬಿಟ್ ವಿಂಡೋಸ್‌ನಲ್ಲಿ ಡಾಸ್ ತಂತ್ರಾಂಶಗಳು ನೇರವಾಗಿ ನಡೆಯುವುದಿಲ್ಲ. ಆದ್ದರಿಂದ ಹೊಸ ಲೆಕ್ಕಕ್ಕೆ ಹೊಸ ತಂತ್ರಾಂಶ ತಂದು, ಹಳೆಯ ಯಂತ್ರವನ್ನು ಮೆಟ್ಟಿಲ ಕೆಳಗೆ ಇಟ್ಟರು. ತಂತ್ರಾಂಶ ಬರೆದ ತರುಣ ಊರು ಬಿಟ್ಟು ಬಹಳ ಕಾಲವಾಗಿತ್ತು.

2017-18ನೇ ಸಾಲಿಗೆ 73ನೇ ಕಲಮಿನ ಆದೇಶ ಹೊರಡಿಸುವ ಗಡುವು 2023ರ ಡಿಸೆಂಬರ್ 31 ಆಗಿತ್ತು. ಆ ವರ್ಷ ಸಂಸ್ಥೆಗೆ ನೋಟಿಸು ಬಂತು ಎಂದುಕೊಳ್ಳೋಣ: ಸೊಲ್ಲಾಪುರದ ಒಬ್ಬ ಪೂರೈಕೆದಾರನಿಂದ ಪಡೆದ ಇನ್‌ಪುಟ್ ತೆರಿಗೆ ಜಮೆಯಲ್ಲಿ 3,60,000 ರೂಪಾಯಿ ಜಿಎಸ್‌ಟಿಆರ್-2ಎ ನಮೂನೆಯಲ್ಲಿ ಕಾಣಿಸುತ್ತಿಲ್ಲ. ಇಂತಹ ವ್ಯತ್ಯಾಸಗಳಿಗೆ 2022ರ ಡಿಸೆಂಬರ್ 27ರ 183ನೇ ಸುತ್ತೋಲೆ ಪರಿಹಾರ ತೋರಿಸಿದೆ. ವ್ಯತ್ಯಾಸ ಐದು ಲಕ್ಷ ರೂಪಾಯಿಯೊಳಗಿದ್ದರೆ ಪೂರೈಕೆದಾರನ ಪ್ರಮಾಣಪತ್ರ, ಅದಕ್ಕೆ ಮೀರಿದ್ದರೆ ಸನ್ನದು ಲೆಕ್ಕಪರಿಶೋಧಕರ ಅಥವಾ ವೆಚ್ಚ ಲೆಕ್ಕಪರಿಶೋಧಕರ ಪ್ರಮಾಣಪತ್ರ ಸಾಕು. ಆದರೆ ಪೂರೈಕೆದಾರನಿಗೆ ಪತ್ರ ಬರೆಯಬೇಕಾದರೂ ಯಾವ ಬಿಲ್ಲು, ಯಾವ ದಿನಾಂಕ, ಎಷ್ಟು ಹಣ, ಯಾವಾಗ ಪಾವತಿ ಎಂಬ ವಿವರ ಕೈಯಲ್ಲಿರಬೇಕು. ಅದೆಲ್ಲ ಇರುವುದು ಮೆಟ್ಟಿಲ ಕೆಳಗಿನ ಯಂತ್ರದಲ್ಲಿ.

ಅದು ತೆರೆಯದಿದ್ದರೆ ನಷ್ಟವೆಷ್ಟು? ತೆರಿಗೆ 3,60,000 ರೂಪಾಯಿ. ಶೇಕಡ 18ರಂತೆ ಆರು ವರ್ಷದ ಬಡ್ಡಿ 3,88,800. ಶೇಕಡ 10ರ ದಂಡ 36,000. ಒಟ್ಟು 7,84,800 ರೂಪಾಯಿ. ಈ ವರ್ಷಗಳ ಬಡ್ಡಿ, ದಂಡಗಳ ಮನ್ನಾಕ್ಕಾಗಿ ತಂದ 128-ಎ ಕಲಮಿನ ಯೋಜನೆಯಲ್ಲಿ ತೆರಿಗೆ ಪಾವತಿಯ ಗಡುವು 2025ರ ಮಾರ್ಚ್ 31ಕ್ಕೆ ಮುಗಿದಿದೆ. ನ್ಯಾಯವಾಗಿ ಸಲ್ಲಬೇಕಾದ ಜಮೆ, ದಾಖಲೆ ತೋರಿಸಲಾಗದ ಏಕೈಕ ಕಾರಣಕ್ಕೆ ಎರಡು ಪಟ್ಟಿಗೂ ಮಿಕ್ಕಿದ ಹೊರೆಯಾಗಿ ತಿರುಗುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಚಾಲನೆ ದೊರೆತಿರುವುದರಿಂದ ಹಳೆಯ ವರ್ಷಗಳ ಪುಸ್ತಕಗಳು ಮತ್ತೆ ಬೇಕಾಗುವ ಪ್ರಸಂಗಗಳೇ ಹೆಚ್ಚು.

ಫಾಕ್ಸ್‌ಪ್ರೊದ ಡಿಬಿಎಫ್ ಕಡತಗಳನ್ನು ಲಿಬ್ರೆ ಆಫೀಸ್‌ನಂತಹ ತಂತ್ರಾಂಶದಲ್ಲಿ ತೆರೆಯಬಹುದಲ್ಲ ಎಂದು ತಿಳಿದವರು ಕೇಳಬಹುದು. ತೆರೆಯಬಹುದು. ಆದರೆ ಅಲ್ಲಿ ಕಾಣುವುದು ಬಿಡಿ ಬಿಡಿ ಕೋಷ್ಟಕಗಳು. ಬಿಲ್ಲಿಗೂ ಪಾವತಿಗೂ ಇರುವ ಸಂಬಂಧ, ಖತಾವಣಿಯ ಕ್ರಮ, ಶಿಲ್ಕಿನ ಲೆಕ್ಕ, ಇವೆಲ್ಲ ಇರುವುದು ತಂತ್ರಾಂಶದ ಒಳಗೆ. ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಬರೆದ ಕನ್ನಡ ಪತ್ರಗಳ ಗತಿಯೂ ಇದೇ. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿ ಕಾಣುತ್ತವೆ.

ಯಂತ್ರದೊಳಗಿನ ಯಂತ್ರ

ವರ್ಚುವಲ್ ಮಶೀನ್ ಎಂದರೆ ಒಂದು ಗಣಕಯಂತ್ರದ ಒಳಗೆ ತಂತ್ರಾಂಶದ ಮೂಲಕ ನಿರ್ಮಿಸಿದ ಮತ್ತೊಂದು ಗಣಕಯಂತ್ರ. ಅನುಕೂಲಕ್ಕಾಗಿ ಮೊದಲನೆಯದನ್ನು ಹೊರಯಂತ್ರ, ಎರಡನೆಯದನ್ನು ಒಳಯಂತ್ರ ಎಂದು ಕರೆಯೋಣ. ಒಳಯಂತ್ರದಲ್ಲಿ ನಡೆಯುವ ವಿಂಡೋಸ್‌ಗೆ ತಾನು ನಿಜವಾದ ಯಂತ್ರದಲ್ಲಿದ್ದೇನೆ ಎಂದೇ ತೋರುತ್ತದೆ. ಅದರ ಹಾರ್ಡ್ ಡಿಸ್ಕ್ ಮಾತ್ರ ಹೊರಯಂತ್ರದಲ್ಲಿರುವ ಒಂದು ದೊಡ್ಡ ಕಡತ. ಕಡತವಾದುದರಿಂದ ಅದನ್ನು ನಕಲು ಮಾಡಬಹುದು, ಬೇರೆ ಊರಿಗೆ ಒಯ್ಯಬಹುದು, ಹತ್ತು ವರ್ಷಗಳ ನಂತರ ಬೇರೊಂದು ಹೊರಯಂತ್ರದ ಮೇಲೆ ನಡೆಸಬಹುದು.

ಈ ಕಲ್ಪನೆ ಹೊಸದಲ್ಲ. ಐಬಿಎಂ ಸಂಸ್ಥೆ 1972ರಲ್ಲೇ ವಿಎಂ/370 ಎಂಬ ವ್ಯವಸ್ಥೆಯನ್ನು ತನ್ನ ದೊಡ್ಡ ಗಣಕಗಳಿಗೆ ಒದಗಿಸಿತ್ತು. ಅಂಗಡಿಗಳಲ್ಲಿರುವ ಸಣ್ಣ ಗಣಕಗಳಿಗೆ ಯಂತ್ರಾಂಶದಲ್ಲಿಯೇ ಈ ಬೆಂಬಲ ಬಂದದ್ದು 2005-06ರಲ್ಲಿ. ಇಂಟೆಲ್ ಸಂಸ್ಥೆ ಇದನ್ನು ವಿಟಿ-ಎಕ್ಸ್ ಎಂದೂ, ಎಎಂಡಿ ಸಂಸ್ಥೆ ಎಎಂಡಿ-ವಿ ಎಂದೂ ಕರೆಯುತ್ತವೆ.

ಕರ್ನೆಲ್‌ನ ಬೆಂಬಲ ಏಕೆ ಬೇಕು?

ಕರ್ನೆಲ್ ಎಂದರೆ ಲಿನಕ್ಸ್ ವ್ಯವಸ್ಥೆಯ ತಿರುಳು. ದೊಡ್ಡ ಅಡತಿ ಅಂಗಡಿಯಲ್ಲಿ ತಿಜೋರಿಯ ಕೀಲಿ ಮುನೀಮರೊಬ್ಬರ ಬಳಿ ಮಾತ್ರ ಇರುವಂತೆ, ಪ್ರೊಸೆಸರ್, ಸ್ಮರಣೆ, ಡಿಸ್ಕ್‌ಗಳ ಅಧಿಕಾರ ಕರ್ನೆಲ್ ಬಳಿ ಮಾತ್ರ ಇರುತ್ತದೆ. ಉಳಿದ ತಂತ್ರಾಂಶಗಳು ಅದನ್ನು ಕೇಳಿಯೇ ಕೆಲಸ ಮಾಡಿಸಿಕೊಳ್ಳಬೇಕು. ವಿಟಿ-ಎಕ್ಸ್, ಎಎಂಡಿ-ವಿ ಸೌಲಭ್ಯಗಳೂ ಈ ತಿಜೋರಿಯೊಳಗಿನ ವಸ್ತುಗಳೇ. ಆದ್ದರಿಂದ ಒಳಯಂತ್ರ ವೇಗವಾಗಿ ನಡೆಯಬೇಕಾದರೆ ಕರ್ನೆಲ್‌ನ ಸಹಕಾರ ಅನಿವಾರ್ಯ. ಸಹಕಾರವಿಲ್ಲದೆಯೂ ಒಳಯಂತ್ರವನ್ನು ನಡೆಸಬಹುದು. ಆಗ ಪ್ರತಿಯೊಂದು ಆದೇಶವನ್ನೂ ತಂತ್ರಾಂಶವೇ ಅನುಕರಿಸಬೇಕಾಗಿ ಕೆಲಸ ಬಹಳ ನಿಧಾನವಾಗುತ್ತದೆ.

ಈ ಸಹಕಾರ ಎರಡು ಬಗೆಯಲ್ಲಿ ದೊರೆಯುತ್ತದೆ. ಮೊದಲನೆಯದು ಕರ್ನೆಲ್‌ನ ಭಾಗವೇ ಆಗಿರುವ ಕೆವಿಎಂ. ಇದನ್ನು ಕ್ಯೂಮ್ರಾನೆಟ್ ಎಂಬ ಇಸ್ರೇಲಿ ಸಂಸ್ಥೆಯ ಆವಿ ಕಿವಿಟಿ ಬರೆದರು. 2007ರ ಫೆಬ್ರವರಿಯಲ್ಲಿ ಹೊರಬಂದ 2.6.20 ಆವೃತ್ತಿಯಿಂದ ಇದು ಲಿನಕ್ಸ್ ಕರ್ನೆಲ್‌ನಲ್ಲಿ ಸೇರಿದೆ. 2008ರಲ್ಲಿ ರೆಡ್ ಹ್ಯಾಟ್ ಸಂಸ್ಥೆ ಕ್ಯೂಮ್ರಾನೆಟ್ಟನ್ನು ಕೊಂಡುಕೊಂಡಿತು. ಗೂಗಲ್, ಅಮೆಜಾನ್ ಸಂಸ್ಥೆಗಳ ಕ್ಲೌಡ್ ಸೇವೆಗಳೂ ಕೆವಿಎಂ ತಳಹದಿಯನ್ನು ಬಳಸುತ್ತವೆ.

ಎರಡನೆಯದು ಹೊರಗಿನಿಂದ ಸೇರಿಸುವ ಮಾಡ್ಯೂಲ್‌ಗಳ ಮಾರ್ಗ. ಒರಾಕಲ್‌ನ ವರ್ಚುವಲ್‌ಬಾಕ್ಸ್, ವಿಎಂವೇರ್ ವರ್ಕ್‌ಸ್ಟೇಷನ್‌ಗಳು ಈ ವರ್ಗಕ್ಕೆ ಸೇರುತ್ತವೆ. ಇವುಗಳ ಮಾಡ್ಯೂಲನ್ನು ಆಯಾ ಕರ್ನೆಲ್ ಆವೃತ್ತಿಗೆ ತಕ್ಕಂತೆ ಕಟ್ಟಬೇಕಾಗುತ್ತದೆ. ಅದಕ್ಕೆ ಆ ಆವೃತ್ತಿಯ ಹೆಡರ್ ಕಡತಗಳು ಬೇಕು. ಕರ್ನೆಲ್ ನವೀಕರಣವಾದಾಗಲೆಲ್ಲ ಮತ್ತೆ ಕಟ್ಟಬೇಕು; ಡಿಕೆಎಂಎಸ್ ಎಂಬ ಸಾಧನ ಇದನ್ನು ತಾನಾಗಿಯೇ ಮಾಡಲು ಯತ್ನಿಸುತ್ತದೆ. ಸೆಕ್ಯೂರ್ ಬೂಟ್ ಚಾಲನೆಯಲ್ಲಿದ್ದರೆ ಮಾಡ್ಯೂಲಿಗೆ ಡಿಜಿಟಲ್ ಸಹಿಯೂ ಇರಬೇಕು, ಆ ಸಹಿಯ ಕೀಲಿಯನ್ನು ಯಂತ್ರದಲ್ಲಿ ನೋಂದಾಯಿಸಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ನಿನ್ನೆ ನಡೆದ ಒಳಯಂತ್ರ ಇಂದು ತೆರೆಯುವುದಿಲ್ಲ.

ಎರಡೂ ಬಗೆಯನ್ನು ಒಂದೇ ಯಂತ್ರದಲ್ಲಿ ಇಟ್ಟುಕೊಂಡರೆ ಇನ್ನೊಂದು ತೊಡಕಿದೆ. 6.12ನೇ ಆವೃತ್ತಿಯಿಂದ ಕೆವಿಎಂ ಮಾಡ್ಯೂಲ್ ಕರ್ನೆಲ್‌ಗೆ ಸೇರಿದ ಕೂಡಲೇ ಪ್ರೊಸೆಸರ್‌ನ ಈ ಸೌಲಭ್ಯವನ್ನು ತನ್ನ ವಶಕ್ಕೆ ತೆಗೆದುಕೊಳ್ಳುತ್ತದೆ. ಇದರಿಂದ ವರ್ಚುವಲ್‌ಬಾಕ್ಸ್‌ನ ಒಳಯಂತ್ರಗಳು ತೆರೆಯದಿರುವ ಪ್ರಸಂಗಗಳು ಉಂಟಾದವು. ಒಂದು ಯಂತ್ರಕ್ಕೆ ಒಂದೇ ಪದ್ಧತಿ ಎಂಬ ನಿಯಮ ಪಾಲಿಸುವುದು ಕ್ಷೇಮ. ವರ್ಷಕ್ಕೆ ನಾಲ್ಕಾರು ಬಾರಿ ಮಾತ್ರ ತೆರೆಯುವ ಹಳೆಯ ಲೆಕ್ಕಗಳಿಗೆ, ಕರ್ನೆಲ್ ಜೊತೆಯಲ್ಲೇ ನವೀಕರಣಗೊಳ್ಳುವ ಕೆವಿಎಂ ಹೆಚ್ಚು ನಂಬಿಕೆಯದು ಎಂಬುದು ನನ್ನ ಅಭಿಪ್ರಾಯ.

ಸ್ಥಾಪನೆಯ ಕ್ರಮ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಕೊನೆಗೊಂಡಿತು. ವಿಂಡೋಸ್ 11ರ ಅರ್ಹತೆ ಇಲ್ಲದ ಯಂತ್ರಗಳು ಅನೇಕ ಅಂಗಡಿಗಳಲ್ಲಿ ಬಿದ್ದಿವೆ. 8 ಜಿಬಿ ಸ್ಮರಣೆಯುಳ್ಳ ಅಂತಹ ಒಂದು ಯಂತ್ರವೇ ಹೊರಯಂತ್ರವಾಗಲು ಸಾಕು. ಕೆಳಗಿನ ವಿವರ ಉಬುಂಟು 24.04 ಆವೃತ್ತಿಗೆ ಅನ್ವಯಿಸುತ್ತದೆ. ಆದೇಶಗಳ ಹೆಸರನ್ನು ಇಲ್ಲಿ ಉಚ್ಚಾರಣೆಗೆ ತಕ್ಕಂತೆ ಕೊಟ್ಟಿದೆ. ಯಂತ್ರದಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಬೆರಳಚ್ಚಿಸಬೇಕು.

1. ಪ್ರೊಸೆಸರ್ ಪರೀಕ್ಷೆ: ಟರ್ಮಿನಲ್ ತೆರೆದು 'ಎಲ್ಎಸ್‌ಸಿಪಿಯು' ಆದೇಶ ಕೊಡಬೇಕು. ಬರುವ ಪಟ್ಟಿಯಲ್ಲಿ ವರ್ಚುವಲೈಸೇಷನ್ ಎಂಬ ಸಾಲಿನ ಎದುರು ವಿಟಿ-ಎಕ್ಸ್ ಅಥವಾ ಎಎಂಡಿ-ವಿ ಎಂದಿರಬೇಕು.

2. ಬಯಾಸ್ ಪರೀಕ್ಷೆ: ಪ್ರೊಸೆಸರ್‌ನಲ್ಲಿ ಸೌಲಭ್ಯವಿದ್ದರೂ ಅನೇಕ ಯಂತ್ರಗಳ ಬಯಾಸ್‌ನಲ್ಲಿ ಅದನ್ನು ನಿಲ್ಲಿಸಿರುತ್ತಾರೆ. ಯಂತ್ರ ಆರಂಭವಾಗುವಾಗ ಬಯಾಸ್ ಪುಟಕ್ಕೆ ಹೋಗಿ ಇಂಟೆಲ್ ಯಂತ್ರದಲ್ಲಿ ವರ್ಚುವಲೈಸೇಷನ್ ಟೆಕ್ನಾಲಜಿ, ಎಎಂಡಿ ಯಂತ್ರದಲ್ಲಿ ಎಸ್‌ವಿಎಂ ಮೋಡ್ ಎಂಬುದನ್ನು ಚಾಲನೆಗೊಳಿಸಬೇಕು.

3. ಕರ್ನೆಲ್ ಪರೀಕ್ಷೆ: 'ಎಲ್ಎಸ್‌ಮಾಡ್' ಆದೇಶ ಕೊಟ್ಟಾಗ ಬರುವ ಪಟ್ಟಿಯಲ್ಲಿ ಕೆವಿಎಂ ಮತ್ತು ಅದರೊಂದಿಗೆ ಕೆವಿಎಂ-ಇಂಟೆಲ್ ಅಥವಾ ಕೆವಿಎಂ-ಎಎಂಡಿ ಎಂಬ ಎರಡು ಮಾಡ್ಯೂಲ್‌ಗಳಿರಬೇಕು. ಸಿಪಿಯು-ಚೆಕರ್ ಎಂಬ ಪ್ಯಾಕೇಜ್ ಸ್ಥಾಪಿಸಿ 'ಕೆವಿಎಂ-ಓಕೆ' ಆದೇಶ ಕೊಟ್ಟರೆ ವೇಗವರ್ಧನೆ ಬಳಸಬಹುದೇ ಇಲ್ಲವೇ ಎಂಬ ಉತ್ತರ ನೇರವಾಗಿ ಬರುತ್ತದೆ. ಇಲ್ಲ ಎಂದು ಬಂದರೆ ಎರಡನೆಯ ಹೆಜ್ಜೆಗೆ ಹಿಂದಿರುಗಬೇಕು.

4. ಪ್ಯಾಕೇಜುಗಳ ಸ್ಥಾಪನೆ: 'ಆಪ್ಟ್' ಸಾಧನದ ಮೂಲಕ ಮೂರು ಪ್ಯಾಕೇಜುಗಳನ್ನು ಸ್ಥಾಪಿಸಬೇಕು. ಕ್ಯೂಎಮು-ಸಿಸ್ಟಮ್-ಎಕ್ಸ್86 ಎಂಬುದು ಒಳಯಂತ್ರಕ್ಕೆ ಬೇಕಾದ ಡಿಸ್ಕ್, ಪರದೆ, ಜಾಲಫಲಕಗಳನ್ನು ಒದಗಿಸುತ್ತದೆ. ಲಿಬ್‌ವರ್ಟ್-ಡೀಮನ್-ಸಿಸ್ಟಮ್ ಎಂಬುದು ಒಳಯಂತ್ರಗಳ ಮೇಲ್ವಿಚಾರಣೆ ಮಾಡುತ್ತದೆ. ವರ್ಟ್-ಮ್ಯಾನೇಜರ್ ಎಂಬುದು ಇವೆಲ್ಲವನ್ನೂ ಮೌಸ್ ಮೂಲಕ ನಿರ್ವಹಿಸುವ ಕಿಟಕಿ. ಕೆವಿಎಂ ಕರ್ನೆಲ್‌ನಲ್ಲಿಯೇ ಇರುವುದರಿಂದ ಅದನ್ನು ಪ್ರತ್ಯೇಕವಾಗಿ ತರಬೇಕಾಗಿಲ್ಲ.

5. ಬಳಕೆದಾರನ ಅನುಮತಿ: ಲೆಕ್ಕ ನೋಡುವ ಸಿಬ್ಬಂದಿಯ ಹೆಸರನ್ನು ಲಿಬ್‌ವರ್ಟ್ ಗುಂಪಿಗೆ ಸೇರಿಸಿ, ಒಮ್ಮೆ ಲಾಗ್‌ಔಟ್ ಆಗಿ ಮತ್ತೆ ಒಳಬರಬೇಕು. ಎಲ್ಲರನ್ನೂ ಸೇರಿಸಬಾರದು. ಈ ಗುಂಪಿನವರಿಗೆ ಯಂತ್ರದ ಮೇಲೆ ಹೆಚ್ಚಿನ ಅಧಿಕಾರ ದೊರೆಯುತ್ತದೆ.

ಹಳೆಯ ಯಂತ್ರವನ್ನು ಕಡತವಾಗಿಸುವ ಬಗೆ

ಹಳೆಯ ಯಂತ್ರ ಇನ್ನೂ ನಡೆಯುತ್ತಿರುವಾಗಲೇ ಈ ಕೆಲಸ ಮಾಡುವುದು ಉತ್ತಮ. ಮೊದಲು ಅದರ ಬಯಾಸ್ ಪುಟದಲ್ಲಿ ಡಿಸ್ಕ್ ಯಾವ ಪದ್ಧತಿಯಲ್ಲಿದೆ, ಐಡಿಇಯೋ ಎಎಚ್‌ಸಿಐಯೋ ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಇದು ಮುಂದೆ ಬಹು ಮುಖ್ಯವಾಗುತ್ತದೆ. ನಂತರ ಯಂತ್ರವನ್ನು ನಿಲ್ಲಿಸಿ, ಹಾರ್ಡ್ ಡಿಸ್ಕನ್ನು ಹೊರತೆಗೆದು, ಯುಎಸ್‌ಬಿ ಅಡಾಪ್ಟರ್ ಮೂಲಕ ಲಿನಕ್ಸ್ ಯಂತ್ರಕ್ಕೆ ಜೋಡಿಸಬೇಕು.

ಡಿಸ್ಕಿನ ಯಥಾವತ್ ಪ್ರತಿ ತೆಗೆಯಲು 'ಡಿಡಿ' ಎಂಬ ಹಳೆಯ ಆದೇಶವಿದೆ. ಆದರೆ ವಯಸ್ಸಾದ ಡಿಸ್ಕಿಗೆ 'ಡಿಡಿರೆಸ್ಕ್ಯೂ' ಹೆಚ್ಚು ಸೂಕ್ತ. ಕೆಟ್ಟ ಭಾಗ ಬಂದಾಗ ಅದು ಅಲ್ಲಿಯೇ ನಿಲ್ಲದೆ, ಓದಲು ಬರುವುದನ್ನೆಲ್ಲ ಮೊದಲು ಸಂಗ್ರಹಿಸಿ ಆಮೇಲೆ ಉಳಿದುದಕ್ಕೆ ಮರಳುತ್ತದೆ. ಯಾವುದನ್ನು ಬಳಸಿದರೂ ಮೂಲ ಯಾವುದು, ಗುರಿ ಯಾವುದು ಎಂಬುದನ್ನು ಎರಡು ಬಾರಿ ಓದಿಯೇ ಎಂಟರ್ ಒತ್ತಬೇಕು. ಹೆಸರುಗಳು ಅದಲುಬದಲಾದರೆ ಖಾಲಿ ಡಿಸ್ಕ್ ಹಳೆಯ ಲೆಕ್ಕದ ಮೇಲೆ ಬರೆಯಲ್ಪಡುತ್ತದೆ, ಅದಕ್ಕೆ ಪರಿಹಾರವಿಲ್ಲ.

ಹೀಗೆ ದೊರೆತ ಕಡತ ಡಿಸ್ಕಿನಷ್ಟೇ ದೊಡ್ಡದಿರುತ್ತದೆ. ಇದನ್ನು ಮೂಲಪ್ರತಿ ಎನ್ನೋಣ. 'ಕ್ಯೂಎಮು-ಐಎಂಜಿ' ಸಾಧನದ ಕನ್ವರ್ಟ್ ಆದೇಶದಿಂದ ಇದನ್ನು ಕ್ಯೂಕೌ-2 ಎಂಬ ನಮೂನೆಗೆ ಪರಿವರ್ತಿಸಿದರೆ ಸೊನ್ನೆಗಳೇ ತುಂಬಿದ ಖಾಲಿ ಭಾಗಗಳಿಗೆ ಜಾಗ ಬೇಕಾಗುವುದಿಲ್ಲ. ಇದು ಕೆಲಸದ ಪ್ರತಿ.

ಈಗ ವರ್ಟ್-ಮ್ಯಾನೇಜರ್‌ನಲ್ಲಿ ಹೊಸ ಯಂತ್ರ ಸೃಷ್ಟಿಸುವಾಗ, ಇರುವ ಡಿಸ್ಕ್ ಕಡತವನ್ನು ಆಮದು ಮಾಡುವ ಆಯ್ಕೆಯನ್ನು ತೆಗೆದುಕೊಂಡು ಕೆಲಸದ ಪ್ರತಿಯನ್ನು ತೋರಿಸಬೇಕು. ವಿಂಡೋಸ್ 7ಕ್ಕೆ 2 ಜಿಬಿ ಸ್ಮರಣೆ, ಎರಡು ಪ್ರೊಸೆಸರ್ ಸಾಕು. ಸ್ಥಾಪನೆಗೆ ಮುನ್ನ ವಿನ್ಯಾಸ ಬದಲಿಸುವ ಆಯ್ಕೆಯನ್ನು ಗುರುತು ಮಾಡಿ ಎರಡು ಅಂಶಗಳನ್ನು ಸರಿಪಡಿಸಬೇಕು. ಹಳೆಯ ಯಂತ್ರ ಬಯಾಸ್ ಮೂಲಕ ಆರಂಭವಾಗುತ್ತಿದ್ದರೆ ಇಲ್ಲಿಯೂ ಫರ್ಮ್‌ವೇರ್ ಬಯಾಸ್ ಎಂದೇ ಇರಬೇಕು. ಡಿಸ್ಕ್ ಹಿಂದೆ ಐಡಿಇ ಪದ್ಧತಿಯಲ್ಲಿದ್ದರೆ ಐ440ಎಫ್‌ಎಕ್ಸ್ ಮಾದರಿ ಮತ್ತು ಐಡಿಇ, ಎಎಚ್‌ಸಿಐ ಪದ್ಧತಿಯಲ್ಲಿದ್ದರೆ ಕ್ಯೂ35 ಮಾದರಿ ಮತ್ತು ಸಾಟಾ ಎಂದು ಆರಿಸಬೇಕು. ವೇಗದ ಆಸೆಯಿಂದ ವರ್ಟ್-ಐಓ ಆರಿಸಿದರೆ ಹಳೆಯ ವಿಂಡೋಸ್‌ನಲ್ಲಿ ಅದರ ಚಾಲಕ ತಂತ್ರಾಂಶ ಇರುವುದಿಲ್ಲ. ಆಗ ನೀಲಿ ಪರದೆಯ ಮೇಲೆ 7ಬಿ ಎಂದು ಮುಗಿಯುವ ದೋಷಸಂಖ್ಯೆ ಕಾಣಿಸುತ್ತದೆ. ಡಿಸ್ಕ್ ಕೆಟ್ಟಿದೆ ಎಂದು ಇದರ ಅರ್ಥವಲ್ಲ. ಡಿಸ್ಕ್ ಪದ್ಧತಿ ಹೊಂದುತ್ತಿಲ್ಲ ಎಂದಷ್ಟೇ ಅರ್ಥ.

ತಂತ್ರಾಂಶಕ್ಕೆ ಯುಎಸ್‌ಬಿ ಡಾಂಗಲ್ ಬೇಕಿದ್ದರೆ, ಅದನ್ನು ಹೊರಯಂತ್ರಕ್ಕೆ ಜೋಡಿಸಿ ಒಳಯಂತ್ರಕ್ಕೆ ವರ್ಗಾಯಿಸುವ ಸೌಲಭ್ಯ ವರ್ಟ್-ಮ್ಯಾನೇಜರ್‌ನಲ್ಲಿಯೇ ಇದೆ. ಜಾಲಫಲಕವನ್ನು ಮಾತ್ರ ತೆಗೆದುಹಾಕುವುದು ಕಡ್ಡಾಯ. ವಿಂಡೋಸ್ 7ರ ಬೆಂಬಲ 2020ರ ಜನವರಿ 14ಕ್ಕೆ, ಎಕ್ಸ್‌ಪಿಯ ಬೆಂಬಲ 2014ರ ಏಪ್ರಿಲ್ 8ಕ್ಕೆ ಮುಗಿದಿವೆ. ಇಂತಹ ವ್ಯವಸ್ಥೆಯನ್ನು ಅಂತರ್ಜಾಲಕ್ಕೆ ಒಡ್ಡಬಾರದು.

ಲೆಕ್ಕಪರಿಶೋಧನೆಯ ದೃಷ್ಟಿಯಿಂದ ಗಮನಿಸಬೇಕಾದವು

ಮೊದಲನೆಯದು, ಸಾಕ್ಷ್ಯದ ಪ್ರಶ್ನೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಮಿನಡಿ ವಿದ್ಯುನ್ಮಾನ ದಾಖಲೆಯೊಂದಿಗೆ ಪ್ರಮಾಣಪತ್ರ ಸಲ್ಲಿಸಬೇಕು. ಅದರ ನಮೂನೆಯಲ್ಲಿ ದಾಖಲೆಯ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕು. ಹ್ಯಾಶ್ ಎಂಬುದು ಕಡತದ ಬೆರಳಚ್ಚು ಗುರುತಿನಂತೆ. ಒಂದು ಅಕ್ಷರ ಬದಲಾದರೂ ಮೌಲ್ಯ ಬದಲಾಗುತ್ತದೆ. ವಿಂಡೋಸ್ ಒಮ್ಮೆ ಆರಂಭವಾದರೆ ಸಾಕು, ತನ್ನಷ್ಟಕ್ಕೆ ತಾನೇ ಡಿಸ್ಕಿನಲ್ಲಿ ಏನಾದರೂ ಬರೆಯುತ್ತದೆ. ಆದ್ದರಿಂದ ಮೂಲಪ್ರತಿ ತೆಗೆದ ದಿನವೇ ಲಿನಕ್ಸ್‌ನ 'ಶಾ256ಸಮ್' ಆದೇಶದಿಂದ ಅದರ ಮೌಲ್ಯ ಪಡೆದು, ದಿನಾಂಕ ಮತ್ತು ಸಹಿಯೊಂದಿಗೆ ಕಾಗದದ ಮೇಲೆ ದಾಖಲಿಸಬೇಕು. ಮೂಲಪ್ರತಿಯಿಂದ ಎಂದೂ ಒಳಯಂತ್ರವನ್ನು ಆರಂಭಿಸಬಾರದು. ಹಳೆಯ ಹಾರ್ಡ್ ಡಿಸ್ಕನ್ನೂ ಎಸೆಯದೆ ಮೊಹರು ಮಾಡಿ ಇಡುವುದು ಒಳ್ಳೆಯದು.

ಎರಡನೆಯದು, ಸ್ನ್ಯಾಪ್‌ಶಾಟ್ ಸೌಲಭ್ಯದ ಅಪಾಯ. ಒಳಯಂತ್ರದ ಈ ಕ್ಷಣದ ಸ್ಥಿತಿಯನ್ನು ಹಿಡಿದಿಟ್ಟು, ಬೇಕಾದಾಗ ಅದೇ ಸ್ಥಿತಿಗೆ ಹಿಂದಿರುಗಲು ಇದರಿಂದ ಸಾಧ್ಯ. ಹಳೆಯ ಲೆಕ್ಕ ನೋಡುವಾಗ ಇದು ಉಪಕಾರಿ. ಚಾಲ್ತಿ ವರ್ಷದ ಲೆಕ್ಕವನ್ನು ಒಳಯಂತ್ರದಲ್ಲಿ ಬರೆಯುವವರಿಗೆ ಇದೇ ಅಪಾಯಕಾರಿ. ಕಂಪನಿಗಳು 2023ರ ಏಪ್ರಿಲ್ 1ರಿಂದ, ಪ್ರತಿಯೊಂದು ನಮೂದಿನ ತಿದ್ದುಪಡಿಯ ಜಾಡನ್ನು ದಾಖಲಿಸುವ ಮತ್ತು ಆ ಜಾಡನ್ನು ನಿಲ್ಲಿಸಲಾಗದ ಲೆಕ್ಕ ತಂತ್ರಾಂಶವನ್ನೇ ಬಳಸಬೇಕು. ಪರಿಶೋಧಕರು ತಮ್ಮ ವರದಿಯಲ್ಲಿ ಇದರ ಬಗ್ಗೆ ಹೇಳಲೇಬೇಕು. ಹಿಂದಿನ ಸ್ನ್ಯಾಪ್‌ಶಾಟಿಗೆ ಮರಳಿದರೆ ನಡುವಿನ ನಮೂದುಗಳೊಂದಿಗೆ ಅವುಗಳ ಜಾಡೂ ಅಳಿಸಿಹೋಗುತ್ತದೆ. ಒಳಯಂತ್ರದ ಗಡಿಯಾರವನ್ನು ಹಿಂದಿನ ದಿನಾಂಕಕ್ಕೆ ತಿರುಗಿಸುವುದೂ ಇಷ್ಟೇ ಸುಲಭ, ಇಷ್ಟೇ ಗಂಭೀರ. ಚಾಲ್ತಿ ಲೆಕ್ಕದ ಒಳಯಂತ್ರದಲ್ಲಿ ಸ್ನ್ಯಾಪ್‌ಶಾಟಿಗೆ ಮರಳುವುದನ್ನು ಸಂಸ್ಥೆಯ ಲಿಖಿತ ಆದೇಶದಿಂದಲೇ ನಿಷೇಧಿಸಬೇಕೆಂದು ನನ್ನ ಸಲಹೆ. ಸ್ನ್ಯಾಪ್‌ಶಾಟ್ ಬ್ಯಾಕಪ್ಪೂ ಅಲ್ಲ. ಸಾಮಾನ್ಯವಾಗಿ ಅದು ಅದೇ ಕಡತದೊಳಗೆ ಇರುತ್ತದೆ, ಕಡತ ಹೋದರೆ ಅದೂ ಹೋಗುತ್ತದೆ.

ಮೂರನೆಯದು, ಪರವಾನಗಿ. ಯಂತ್ರದ ಜೊತೆಗೆ ಬಂದ ಓಇಎಂ ವಿಂಡೋಸ್ ಪರವಾನಗಿ ಸಾಮಾನ್ಯವಾಗಿ ಆ ಯಂತ್ರಕ್ಕಷ್ಟೇ ಸೀಮಿತ. ಬಿಡಿಯಾಗಿ ಕೊಂಡ ಪರವಾನಗಿಯನ್ನು ವರ್ಗಾಯಿಸಲು ಅವಕಾಶವಿರುತ್ತದೆ. ಲೆಕ್ಕ ತಂತ್ರಾಂಶದ ಷರತ್ತುಗಳನ್ನೂ ಓದಿ, ಅಗತ್ಯವಿದ್ದರೆ ಮಾರಾಟಗಾರರಿಂದ ಲಿಖಿತ ಒಪ್ಪಿಗೆ ಪಡೆಯಬೇಕು. ಕೇವಲ ಡಾಸ್ ತಂತ್ರಾಂಶವಾಗಿದ್ದರೆ ಡಾಸ್‌ಬಾಕ್ಸ್ ಅಥವಾ ಫ್ರೀಡಾಸ್‌ನಲ್ಲಿ ನಡೆಯುವುದೇ ಎಂದು ಮೊದಲು ನೋಡಬಹುದು. ಆಗ ವಿಂಡೋಸ್‌ನ ಪ್ರಶ್ನೆಯೇ ಇಲ್ಲ. ಕೆವಿಎಂ ಮತ್ತು ಕ್ಯೂಎಮು ಮುಕ್ತ ತಂತ್ರಾಂಶಗಳಾದುದರಿಂದ ವಾಣಿಜ್ಯ ಬಳಕೆಗೂ ಶುಲ್ಕವಿಲ್ಲ. ವರ್ಚುವಲ್‌ಬಾಕ್ಸ್‌ನ ಮೂಲ ತಂತ್ರಾಂಶವೂ ಮುಕ್ತವೇ. ಆದರೆ ಅದರ ಎಕ್ಸ್‌ಟೆನ್ಷನ್ ಪ್ಯಾಕ್ ಎಂಬ ಭಾಗಕ್ಕೆ ವ್ಯಾಪಾರ ಸಂಸ್ಥೆಗಳು ಪರವಾನಗಿ ಕೊಳ್ಳಬೇಕು. ವಿಎಂವೇರ್ ವರ್ಕ್‌ಸ್ಟೇಷನ್ 2024ರ ನವೆಂಬರ್‌ನಿಂದ ವಾಣಿಜ್ಯ ಬಳಕೆಗೂ ಉಚಿತವಾಗಿದೆ.

ನಾಲ್ಕನೆಯದು, ಗುಪ್ತಪದಗಳು. ಲಿನಕ್ಸ್, ಹಳೆಯ ವಿಂಡೋಸ್, ಲೆಕ್ಕ ತಂತ್ರಾಂಶ, ಈ ಮೂರರ ಗುಪ್ತಪದಗಳನ್ನೂ ಖಾತೆಗಳಿಗೆ ಕೊಟ್ಟ ಸಂಕೇತಗಳ ಅರ್ಥವನ್ನೂ ಮುಚ್ಚಿದ ಲಕೋಟೆಯಲ್ಲಿ ತಿಜೋರಿಯಲ್ಲಿಡಬೇಕು. 57ನೇ ನಿಯಮ ಇವನ್ನು ಕೇಳುತ್ತದೆ. ಗುಮಾಸ್ತರು ಕೆಲಸ ಬಿಟ್ಟು ಹೋದ ದಿನ ನಮಗೂ ಇವೇ ಬೇಕಾಗುತ್ತವೆ.

ಪಾಲಿಸಬೇಕಾದ ಶಿಸ್ತು

ಮೂಲಪ್ರತಿ ಒಂದು ಹೊರ ಡಿಸ್ಕಿನಲ್ಲಿ, ಕೆಲಸದ ಪ್ರತಿ ಹೊರಯಂತ್ರದಲ್ಲಿ, ಎರಡರ ಇನ್ನೊಂದು ನಕಲು ಬೇರೆ ಕಟ್ಟಡದಲ್ಲಿ ಇರಲಿ. ಮೂರು ತಿಂಗಳಿಗೊಮ್ಮೆ ಒಳಯಂತ್ರವನ್ನು ತೆರೆದು, ಯಾವುದಾದರೂ ಒಂದು ಹಳೆಯ ವರ್ಷದ ಒಬ್ಬ ಪೂರೈಕೆದಾರನ ಖಾತೆಯನ್ನು ಪಿಡಿಎಫ್ ರೂಪದಲ್ಲಾಗಲಿ ಕಾಗದದ ಮೇಲಾಗಲಿ ಮುದ್ರಿಸಿ ನೋಡಬೇಕು. ಲಿನಕ್ಸ್‌ನ ದೊಡ್ಡ ನವೀಕರಣದ ನಂತರವೂ ಈ ಪರೀಕ್ಷೆ ಮಾಡಬೇಕು. ಮುದ್ರಿಸಿದ ಪ್ರತಿಯ ಮೇಲೆ ದಿನಾಂಕ ಹಾಕಿ ಕಡತಕ್ಕೆ ಸೇರಿಸಿದರೆ, ದಾಖಲೆಗಳು ಓದಲು ಯೋಗ್ಯವಾಗಿದ್ದವು ಎಂಬುದಕ್ಕೆ ಅದೇ ಆಧಾರವಾಗುತ್ತದೆ.

ಗಣಕಯಂತ್ರ ಬಲ್ಲ ತರುಣನೊಬ್ಬನಿಗೆ ಈ ಇಡೀ ಕೆಲಸ ಒಂದೆರಡು ದಿನಗಳದು. ಅದಕ್ಕೆ ಬೇಕಾದ ಖರ್ಚು ಒಂದು ಅಡಾಪ್ಟರ್ ಮತ್ತು ಒಂದೆರಡು ಹೊರ ಡಿಸ್ಕುಗಳಿಗೆ ಸೀಮಿತ. ಸದಸ್ಯರು ಮುಂದಿನ ಬಾರಿ ಹಳೆಯ ಗಣಕಯಂತ್ರವನ್ನು ಮಾರುವ ಅಥವಾ ಗುಜರಿಗೆ ಕೊಡುವ ಮುನ್ನ, ಅದರಲ್ಲಿರುವ ಲೆಕ್ಕ ಯಾವ ವರ್ಷದವರೆಗೆ ಬೇಕಾಗುತ್ತದೆ ಎಂಬುದನ್ನು ತಮ್ಮ ಲೆಕ್ಕಪರಿಶೋಧಕರಲ್ಲಿ ವಿಚಾರಿಸಿ, ಡಿಸ್ಕಿನ ಮೂಲಪ್ರತಿ ತೆಗೆದ ನಂತರವಷ್ಟೇ ಯಂತ್ರವನ್ನು ಕೈಬಿಡಬೇಕೆಂದು ವಿನಂತಿ.